ಬಿಲ್ಲೆಯಿಂದ ಕಿವಿಯ ಗುರುತಿನವರೆಗೆ



ಮನೆಯಲ್ಲಿ ನಾಯಿಯನ್ನೋ ಬೆಕ್ಕನ್ನೋ ಸಾಕಿರುವ ನಿಮ್ಮಲ್ಲಿ ಹಲವರು ಇತ್ತೀಚೆಗೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದೀರಿ. “ಮೇಷ್ಟ್ರೇ, ಡಾಕ್ಟರು ಆಪರೇಷನ್ ಮಾಡಿಸಿ ಎನ್ನುತ್ತಾರೆ, ಅಮ್ಮ ಪಾಪ ಬರುತ್ತದೆ ಎನ್ನುತ್ತಾರೆ, ಏನು ಮಾಡೋಣ?” ನಾನು ಪಶುವೈದ್ಯನಲ್ಲ, ಇತಿಹಾಸದ ಪಾಠ ಹೇಳಿದವನು. ಆದುದರಿಂದ ನನ್ನ ಉತ್ತರವೂ ಇತಿಹಾಸದ ದಾರಿಯಲ್ಲೇ ಬರಬೇಕಾಗಿದೆ.

ಪ್ರಾಣಿಗಳ ಸಂತಾನಶಕ್ತಿಯನ್ನು ಕಳೆಯುವುದು ಆಧುನಿಕರ ಆವಿಷ್ಕಾರವೆಂದು ಹಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಸಿನ ಅರಿಸ್ಟಾಟಲನು ಹೆಣ್ಣು ಹಂದಿ ಮತ್ತು ಹೆಣ್ಣು ಒಂಟೆಗಳಿಗೆ ಮಾಡುತ್ತಿದ್ದ ಇಂತಹ ಶಸ್ತ್ರಕ್ರಿಯೆಯನ್ನು ವರ್ಣಿಸಿದ್ದಾನೆ. ಅದೇ ಕಾಲದ ಕ್ಸೆನೊಫೋನನು, ಬೀಜ ತೆಗೆದ ನಾಯಿಗಳು ಒಡೆಯನನ್ನು ಬಿಟ್ಟು ಓಡಿಹೋಗುವುದಿಲ್ಲ, ಆದರೂ ಕಾವಲಿಗಾಗಲಿ ಬೇಟೆಗಾಗಲಿ ಕಡಿಮೆಯಾಗುವುದಿಲ್ಲ ಎಂಬ ಅಭಿಪ್ರಾಯವನ್ನು ದಾಖಲಿಸಿದ್ದಾನೆ. ಅಷ್ಟು ದೂರವೇಕೆ? ನಮ್ಮ ಹೊಲಗಳನ್ನು ತಲೆತಲಾಂತರದಿಂದ ಉತ್ತ ಎತ್ತು ಎಂದರೆ ಬೀಜ ಒಡೆಸಿದ ಹೋರಿಯೇ. ಕಲ್ಲು, ಕೋಲುಗಳಿಂದ ಜಜ್ಜುತ್ತಿದ್ದ ಆ ಕ್ರೂರ ವಿಧಾನವನ್ನು ಹೋಗಲಾಡಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ ಇಟಲಿಯಿಂದ ಬಂದ ಬರ್ಡಿಜೊ ಎಂಬ ಇಕ್ಕಳ. ಎತ್ತಿನ ವಿಷಯದಲ್ಲಿ ಯಾರೂ ಪಾಪಪುಣ್ಯದ ಚರ್ಚೆ ಮಾಡಲಿಲ್ಲ, ಏಕೆಂದರೆ ಅನ್ನ ಅದರ ಹೆಗಲ ಮೇಲಿತ್ತು.

ನಾಯಿ ಬೆಕ್ಕುಗಳ ವಿಷಯ ಬೇರೆಯಾಯಿತು. ಅವುಗಳ ಸಂತತಿಯನ್ನು ನಾವು ತಡೆಯಲಿಲ್ಲ, ಹುಟ್ಟಿದ ಮೇಲೆ ವಿಲೇವಾರಿ ಮಾಡಿದೆವು. ನನ್ನ ಬಾಲ್ಯದ ಊರಿನಲ್ಲಿ ನಾಯಿ ಮರಿ ಹಾಕಿದರೆ ಗಂಡು ಮರಿಗಳನ್ನು ಕೇಳಿಕೊಂಡು ನಾಲ್ಕು ಮನೆಯವರು ಬರುತ್ತಿದ್ದರು. ಹೆಣ್ಣು ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಸಂತೆ ಮೈದಾನದಲ್ಲೋ ಹೊಳೆಯಾಚೆಯೋ ಬಿಟ್ಟುಬರುತ್ತಿದ್ದರು. ಬಿಟ್ಟು ಬಂದವರು ದುಷ್ಟರಲ್ಲ, ನಮ್ಮ ನಿಮ್ಮಂತಹವರೇ. ಅವರಿಗೆ ಬೇರೆ ಉಪಾಯವಿರಲಿಲ್ಲ.

ಪಟ್ಟಣಗಳಲ್ಲಿ ಈ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿತು. ಬೊಂಬಾಯಿಯಲ್ಲಿ ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಿಸಿ, ತಲೆಗಿಷ್ಟೆಂದು ಇನಾಮು ಕೊಡುತ್ತಿದ್ದರು. ಇನಾಮಿನ ಆಸೆಗೆ ಹಿಡಿಯುವವರು ಮನೆಯ ನಾಯಿಗಳನ್ನೂ ಬಿಡದಾದಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರ್ಸಿಗಳು 1832ರ ಜೂನ್ 6ರಂದು ಬೀದಿಗಿಳಿದರು. ಅಂಗಡಿಗಳು ಮುಚ್ಚಿದವು, ಸೈನಿಕರ ಬಿಡಾರಗಳಿಗೆ ಹೋಗುತ್ತಿದ್ದ ಸರಬರಾಜು ನಿಂತಿತು. ಭಾರತದಲ್ಲಿ ನಾಯಿಗಳಿಗಾಗಿ ನಡೆದ ಈ ಗಲಭೆ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆಯಲಿಲ್ಲ.

ಆದರೆ ಸರ್ಕಾರದ ಭಯವೂ ಸುಳ್ಳಾಗಿರಲಿಲ್ಲ. ಹುಚ್ಚುನಾಯಿ ಕಡಿತಕ್ಕೆ ಆಗ ಮದ್ದಿರಲಿಲ್ಲ. 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರನು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಹಾಕಿ ಉಳಿಸಿದ. ನಮ್ಮಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ತೆರೆದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಿಸುವ ಲಸಿಕೆಯೇ ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚುಮದ್ದೆಂದು ನಮ್ಮ ತಲೆಮಾರನ್ನು ನಡುಗಿಸಿದ್ದು. ಅದರ ಬಳಕೆ ನಿಂತದ್ದು 2005ರ ವೇಳೆಗೆ. ಇಂದಿಗೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ರೇಬೀಸ್‌ನಿಂದ ಸಾಯುತ್ತಾರೆಂದೂ ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರತದಲ್ಲೆಂದೂ ಅಂದಾಜಿದೆ. ಮಕ್ಕಳನ್ನು ಕಳೆದುಕೊಂಡವರ ಎದುರು ನಿಂತು ನಾಯಿಗಳ ಪರವಾಗಿ ಮಾತನಾಡುವುದು ಸುಲಭವಲ್ಲ.

ಪುರಸಭೆಗಳು ಸಾಕಿದ ನಾಯಿಗೆ ಲೈಸೆನ್ಸ್ ಕೊಟ್ಟು, ಕತ್ತಿಗೆ ಲೋಹದ ಬಿಲ್ಲೆ ಕಟ್ಟಿಸುತ್ತಿದ್ದವು. ಬಿಲ್ಲೆಯುಳ್ಳದ್ದು ಬದುಕಿತು, ಇಲ್ಲದ್ದು ಸತ್ತಿತು. ರುಕ್ಮಿಣಿದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಬೀದಿನಾಯಿಗಳನ್ನು ಕೋಣೆಯಲ್ಲಿ ಕೂಡಿ ಕೊಲ್ಲುವುದನ್ನು ಹಿಂಸೆಯೆಂದು ಎಣಿಸಲಿಲ್ಲ.

ಹೊಸ ದಾರಿ ತೆರೆದದ್ದು ಮದರಾಸಿನಲ್ಲಿ. ಕ್ಯಾಪ್ಟನ್ ವಿ. ಸುಂದರಂ ಮತ್ತು ಉಷಾ ಸುಂದರಂ ದಂಪತಿಗಳ ಮನೆಯಿಂದ ಬೆಳೆದ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲಿ ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಕೈಗೆತ್ತಿಕೊಂಡಿತು. ಈ ಉಷಾ ಅವರು ವಿಮಾನ ನಡೆಸಲು ಕಲಿತದ್ದು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ ಎಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಅವರ ಪುತ್ರ ಚಿನ್ನಿ ಕೃಷ್ಣ ಮುಂದಿಟ್ಟ ತರ್ಕ ಸರಳವಾದದ್ದು. ನೂರಾರು ವರ್ಷ ಕೊಂದರೂ ನಾಯಿಗಳು ಕಡಿಮೆಯಾಗಿಲ್ಲವೆಂದರೆ ವಿಧಾನದಲ್ಲೇ ದೋಷವಿದೆ. ಬೀದಿಯಲ್ಲಿ ಕಸವಿದೆ, ಅನ್ನವಿದೆ. ಒಂದನ್ನು ಕೊಂದರೆ ತೆರವಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಸಂತಾನಹರಣ ಮಾಡಿ, ಲಸಿಕೆ ಹಾಕಿ ಅದೇ ಬೀದಿಗೆ ಬಿಟ್ಟರೆ ಆ ನಾಯಿಯೇ ಹೊಸದನ್ನು ಒಳಬಿಡುವುದಿಲ್ಲ. ಮದರಾಸಿನ ನಗರಾಡಳಿತ ಇದನ್ನು ಒಪ್ಪಿಕೊಳ್ಳಲು 1990ರ ದಶಕದ ನಡುವಿನವರೆಗೆ, ಅಂದರೆ ಮೂವತ್ತು ವರ್ಷ ಹಿಡಿಯಿತು. 2001ರಲ್ಲಿ ಕೇಂದ್ರದ ನಿಯಮಗಳು ಬಂದವು, 2023ರಲ್ಲಿ ಅವು ಪರಿಷ್ಕೃತವಾದವು. ಕತ್ತಿನ ಬಿಲ್ಲೆಯ ಜಾಗದಲ್ಲಿ ಕಿವಿಯಂಚಿನ ಕತ್ತರಿ ಗುರುತು ಬಂದಿತು.

ಈ ಕ್ರಮ ಎಲ್ಲೆಡೆ ಗೆದ್ದಿತೆಂದು ಹೇಳಲಾರೆ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳಿಗೆ ಬಲಿಯಾದಾಗ ನಗರ ಕುದಿಯಿತು. ಅಂದಿನ ಬಿಬಿಎಂಪಿಯ ಸಮೀಕ್ಷೆಗಳಂತೆ 2019ರಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು. ಇಳಿಕೆ ಇದೆ, ಆದರೆ ಅದು ನಿಧಾನ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯ ಕೇಂದ್ರಗಳಿಗೆ ಸೇರಿಸುವಂತೆ ಆದೇಶಿಸಿತು. ಅದೇ 22ರಂದು ವಿಸ್ತೃತ ಪೀಠವು, ರೇಬೀಸ್ ತಗುಲಿದ ಹಾಗೂ ಮೇಲೆರಗುವ ನಾಯಿಗಳನ್ನುಳಿದು ಮಿಕ್ಕವನ್ನು ಚಿಕಿತ್ಸೆಯ ನಂತರ ಹಿಡಿದ ಸ್ಥಳದಲ್ಲೇ ಬಿಡಬೇಕೆಂದು ಮಾರ್ಪಡಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂತಹ ಜಾಗಗಳಿಂದ ನಾಯಿಗಳನ್ನು ತೆರವುಗೊಳಿಸಿ, ಮರಳಿ ಅಲ್ಲಿಗೆ ಬಿಡಬಾರದೆಂದಿತು. ವಾದ ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಇಷ್ಟು ಸಾಕು.

ಇನ್ನು ಮನೆಯ ಪ್ರಾಣಿಯ ಮಾತು. ಅಮೆರಿಕದ ಲಾಸ್ ಏಂಜಲೀಸ್ ನಗರವು 1971ರಲ್ಲಿ ಕಡಿಮೆ ವೆಚ್ಚದ ಸಾರ್ವಜನಿಕ ಸಂತಾನಹರಣ ಚಿಕಿತ್ಸಾಲಯವನ್ನು ತೆರೆಯಿತು. ಆ ದಶಕದಲ್ಲಿ ಅಲ್ಲಿನ ಆಶ್ರಯ ಕೇಂದ್ರಗಳಲ್ಲಿ ವರ್ಷಕ್ಕೆ ಕೋಟಿಗೂ ಮಿಕ್ಕಿ ನಾಯಿ ಬೆಕ್ಕುಗಳನ್ನು ಕೊಲ್ಲುತ್ತಿದ್ದರೆಂದು ಅಂದಾಜು. ಇತ್ತೀಚಿನ ವರ್ಷಗಳಲ್ಲಿ ಅದು ಹತ್ತು ಲಕ್ಷಕ್ಕೂ ಕೆಳಗಿಳಿದಿದೆ. ಇದಕ್ಕೆ ವಿರುದ್ಧವಾಗಿ ನಾರ್ವೆಯ ಕಾನೂನು ಸಕಾರಣವಿಲ್ಲದೆ ಪ್ರಾಣಿಯ ಅಂಗ ತೆಗೆಯಬಾರದೆನ್ನುತ್ತದೆ. ಅಲ್ಲಿ ಬೀದಿನಾಯಿಗಳೇ ಇಲ್ಲವೆನ್ನಬಹುದು, ನಾಯಿ ಒಡೆಯನ ಹತೋಟಿಯಲ್ಲಿರುತ್ತದೆ. ಸಂತಾನಹರಣ ವಿರಳವಾಗಿದ್ದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಹೆಣ್ಣು ನಾಯಿಗಳಿಗೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬಂದದ್ದು ಕಂಡುಬಂತು. ಇನ್ನೊಂದೆಡೆ, ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ, ಒಂದು ವರ್ಷಕ್ಕೆ ಮುಂಚೆ ಶಸ್ತ್ರಚಿಕಿತ್ಸೆಯಾದ ಗೋಲ್ಡನ್ ರಿಟ್ರೀವರ್ ನಾಯಿಗಳಲ್ಲಿ ಕೀಲುರೋಗ ಹೆಚ್ಚೆಂದು ತೋರಿಸಿದರು. ಎಲ್ಲ ತಳಿಗಳಲ್ಲಿ ಹೀಗಿಲ್ಲ. ಆದ್ದರಿಂದ ಮಾಡಿಸಬೇಕೇ ಎಂಬ ಪ್ರಶ್ನೆಯ ಜೊತೆಗೆ ಯಾವ ವಯಸ್ಸಿನಲ್ಲಿ ಎಂಬುದನ್ನೂ ವೈದ್ಯರಲ್ಲಿ ಕೇಳಬೇಕು. ದೊಡ್ಡ ತಳಿಯ ಗಂಡು ನಾಯಿಗೆ ಕಾಯುವುದು ಲೇಸಾಗಬಹುದು. ಬೆಕ್ಕಿಗಾದರೋ ಕಾಯಲು ಸಮಯವಿಲ್ಲ, ಅದು ಐದಾರು ತಿಂಗಳಿಗೇ ಬಸಿರಾಗಬಲ್ಲದು, ಎರಡು ತಿಂಗಳಲ್ಲಿ ಈಯುತ್ತದೆ.

ಹಿರಿಯರ ಹಿಂಜರಿಕೆಗೂ ಇತಿಹಾಸವಿದೆ. 1930ರಲ್ಲಿಯೇ ಸರ್ಕಾರದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ನಾಡು ನಮ್ಮ ಮೈಸೂರು. ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣವಾಯಿತು, ಹಲವೆಡೆ ಬಲವಂತದಿಂದ. ಅಂದಿನಿಂದ ‘ಆಪರೇಷನ್’ ಎಂಬ ಮಾತಿಗೇ ಒಂದು ಕಹಿ ಅಂಟಿಕೊಂಡಿತು. ಮನುಷ್ಯನ ಒಪ್ಪಿಗೆ ಕೇಳಬೇಕಿತ್ತು, ಕೇಳಲಿಲ್ಲ. ಪ್ರಾಣಿಯ ಒಪ್ಪಿಗೆ ಕೇಳಲು ಸಾಧ್ಯವೇ ಇಲ್ಲ. ಆದುದರಿಂದಲೇ ನಿರ್ಧಾರದ ಭಾರ ಪೂರ್ತಿಯಾಗಿ ಸಾಕಿದವರದು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಆರೋಗ್ಯವಾಗಿರುವ ಪ್ರಾಣಿಯ ಅಂಗ ತೆಗೆಯುವುದು ನೋವಿನ ಕೆಲಸವೇ ಹೌದು. ಆದರೆ ಪಾಪದ ಲೆಕ್ಕ ಹಾಕುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಆ ಗೋಣಿಚೀಲವನ್ನೂ ಇಡಬೇಕು. ಹುಟ್ಟಲಿರುವ ಪ್ರತಿಯೊಂದು ಮರಿಗೂ, ಹೆಣ್ಣು ಮರಿಗೂ, ಮನೆ ಹುಡುಕಿಕೊಡಬಲ್ಲವರು ಬೇಕಾದರೆ ಬಿಡಲಿ. ಅದು ಆಗದವರು ಒಳ್ಳೆಯ ವೈದ್ಯರನ್ನು ಕಂಡು ಮಾಡಿಸುವುದೇ ಧರ್ಮ. ಮಾಡಿಸಿದ ಮೇಲೆ ಗಾಯ ಮಾಯುವವರೆಗೆ ಹತ್ತು ದಿನ ಅದರ ಜೊತೆಗಿರಿ, ರೇಬೀಸ್ ಲಸಿಕೆಯನ್ನು ವರ್ಷ ತಪ್ಪದೆ ಹಾಕಿಸಿ. ಅಮ್ಮನವರಿಗೂ ಇದನ್ನು ಓದಿ ಹೇಳಿ. ಅವರ ಕರುಣೆ ಸರಿಯಾದದ್ದೇ, ಹುಟ್ಟಿ ಬೀದಿಪಾಲಾಗುವ ಮರಿಗಳಿಗೂ ಅದು ಸಲ್ಲಲಿ.