ಕೀರ್ತಿಯನ್ನು ಬಿಟ್ಟುಹೋದ ಗಾಯಿಕೆ: ಡಿಯಾನಾ ಡರ್ಬಿನ್

ಕೀರ್ತಿಯನ್ನು ಸಂಪಾದಿಸಿದವರ ಚರಿತ್ರೆಗಳು ಎಲ್ಲ ಭಾಷೆಗಳಲ್ಲಿಯೂ ಬೇಕಾದಷ್ಟುಂಟು. ಕೈಗೆ ಬಂದ ಕೀರ್ತಿಯನ್ನು ತಾವಾಗಿಯೇ ಬಿಟ್ಟು ನಡೆದವರ ಚರಿತ್ರೆಗಳು ವಿರಳ. ನಮ್ಮ ಪುರಾಣಗಳು ರಾಜರ್ಷಿಗಳ ವಿಷಯದಲ್ಲಿ ಇಂತಹ ಮಾತನ್ನು ಹೇಳುತ್ತವೆ. ಆದರೆ ಅಮೆರಿಕಾ ದೇಶದ ಹಾಲಿವುಡ್ಡಿನಲ್ಲಿ, ಇಪ್ಪತ್ತೇಳು ವರ್ಷ ಪ್ರಾಯದ ನಟಿಯೊಬ್ಬಳ ವಿಷಯದಲ್ಲಿ ಇದೇ ಮಾತನ್ನು ಹೇಳಬೇಕಾಗಿ ಬಂದುದು ವಾಚಕಮಹಾಶಯರಿಗೆ ಸ್ವಲ್ಪ ವಿಚಿತ್ರವಾಗಿ ತೋರಬಹುದು. ಡಿಯಾನಾ ಡರ್ಬಿನ್ ಎಂಬ ಆಕೆಯ ಹೆಸರನ್ನು ಈಗಿನವರು ಬಹುಮಟ್ಟಿಗೆ ಮರೆತಿದ್ದಾರೆ. ಮರೆಯಬೇಕೆಂಬುದೇ ಆಕೆಯ ಅಪೇಕ್ಷೆಯಾಗಿದ್ದಿತು.

ಆಕೆಯು ಹುಟ್ಟಿದುದು 1921ನೆಯ ಇಸವಿ ಡಿಸೆಂಬರ್ 4ನೆಯ ತಾರೀಖು, ಕೆನಡಾ ದೇಶದ ವಿನಿಪೆಗ್ ಪಟ್ಟಣದಲ್ಲಿ. ತಂದೆತಾಯಿಗಳು ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದಿಂದ ವಲಸೆ ಬಂದವರು. ಹೆತ್ತವರು ಇಟ್ಟ ಹೆಸರು ಎಡ್ನಾ ಮೇ. ಮಗುವು ಇನ್ನೂ ತೀರ ಚಿಕ್ಕದಾಗಿದ್ದಾಗಲೇ ಸಂಸಾರವು ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿತು. ಸಂಪತ್ತು ಹೆಚ್ಚಾಗಿರಲಿಲ್ಲ, ತಂಗಿಯ ಕಂಠವನ್ನು ಗುರುತಿಸಿ ಸಂಗೀತಪಾಠಕ್ಕೆ ಏರ್ಪಾಡು ಮಾಡಿದವಳು ಅಕ್ಕ.

ಆ ಕಾಲದಲ್ಲಿ ವಾಕ್ಚಿತ್ರವು ಇನ್ನೂ ಎಳೆಯದು. 1934ರಲ್ಲಿ ಗ್ರೇಸ್ ಮೂರ್ ಎಂಬ ಗಾಯಿಕೆಯ ಚಿತ್ರವೊಂದು ಜಯಶೀಲವಾದ ಮೇಲೆ, ಸಂಗೀತನಾಟಕದ ಶಾಸ್ತ್ರೀಯ ಗಾನವನ್ನೂ ಜನಸಾಮಾನ್ಯರು ದುಡ್ಡು ಕೊಟ್ಟು ಕೇಳುವರೆಂಬ ನಂಬಿಕೆ ಚಿತ್ರಶಾಲೆಗಳ ಯಜಮಾನರಲ್ಲಿ ಹುಟ್ಟಿತು. ಮೆಟ್ರೋ-ಗೋಲ್ಡ್ವಿನ್-ಮೇಯರ್ ಕಂಪೆನಿಯವರು ಶೂಮನ್-ಹೈಂಕ್ ಎಂಬ ವೃದ್ಧ ಗಾಯಿಕೆಯ ಜೀವನವನ್ನು ಚಿತ್ರವಾಗಿಸಲು ಯೋಚಿಸಿ, ಆಕೆಯ ಬಾಲ್ಯದ ಪಾತ್ರಕ್ಕೆಂದು ಈ ಬಾಲೆಯನ್ನು ಗೊತ್ತುಮಾಡಿದರು. ಆ ಚಿತ್ರವು ನಡೆಯಲಿಲ್ಲ. ಕಂಪೆನಿಯಲ್ಲಿ ಆಗಲೇ ಇನ್ನೊಬ್ಬ ಬಾಲಗಾಯಿಕೆ ಇದ್ದಳು: ಜೂಡಿ ಗಾರ್ಲೆಂಡ್. ಇಬ್ಬರನ್ನೂ ಕೂಡಿಸಿ 1936ರಲ್ಲಿ ಸುಮಾರು ಹತ್ತು ನಿಮಿಷದ ಕಿರುಚಿತ್ರವೊಂದನ್ನು ತೆಗೆದರು. ಉದ್ಯಾನದಲ್ಲಿ ಕೇಳುವವರಿಲ್ಲದ ವಾದ್ಯಗೋಷ್ಠಿಯೊಂದನ್ನು ಇಬ್ಬರು ಹುಡುಗಿಯರು ಹಾಡಿ ಉಳಿಸುವುದೇ ಕಥೆ. ಒಬ್ಬಳದು ಶಿಕ್ಷಿತವಾದ ಉಚ್ಚಸ್ಥಾಯಿಯ ಗಾನ, ಮತ್ತೊಬ್ಬಳದು ಅಂದಿನ ಬೀದಿಯ ಲಯ. ಇಬ್ಬರಿಗೂ ಹದಿನಾಲ್ಕು ವರ್ಷ. ಅಕ್ಕಪಕ್ಕದಲ್ಲಿ ನಿಂತು ನಗುತ್ತಿರುವ ಆ ಎರಡು ಮುಖಗಳನ್ನು ನೋಡಿದರೆ, ಮುಂದೆ ಒಂದಕ್ಕೆ ಒದಗಿದ ಗತಿ ಇನ್ನೊಂದಕ್ಕೆ ಒದಗಲಿಲ್ಲವೇಕೆಂಬ ಪ್ರಶ್ನೆ ಮನಸ್ಸನ್ನು ಬಿಡುವುದಿಲ್ಲ.

ಕಂಪೆನಿಯವರು ಗಾರ್ಲೆಂಡಳನ್ನು ಇರಿಸಿಕೊಂಡು ಡರ್ಬಿನಳ ಕರಾರನ್ನು ಬಿಟ್ಟರು. ಏಕೆ ಬಿಟ್ಟರೆಂಬ ಬಗೆಗೆ ದಂತಕಥೆಗಳು ಹಲವು. ಅವು ಒಂದನ್ನೊಂದು ಅಲ್ಲಗಳೆಯುವುದರಿಂದ ಇಲ್ಲಿ ಬೇಡ. ಯುನಿವರ್ಸಲ್ ಕಂಪೆನಿಯವರು ಆಕೆಯನ್ನು ಕರೆದುಕೊಂಡರು. ಆ ಸಂಸ್ಥೆಯು ಆಗ ಸಾಲದಲ್ಲಿ ಮುಳುಗಿ, ಸ್ಥಾಪಕನಾದ ಕಾರ್ಲ್ ಲೆಮ್ಲೆಯ ಕೈಯಿಂದಲೇ ಜಾರಿಹೋಗಿದ್ದಿತು. ಅಲ್ಲಿ ಹಂಗೇರಿಯವನಾದ ಜೋ ಪಾಸ್ಟರ್ನಾಕನು ನಿರ್ಮಾಪಕನಾಗಿ, ಹಿಟ್ಲರನ ಜರ್ಮನಿಯನ್ನು ಬಿಟ್ಟುಬಂದ ಯೆಹೂದ್ಯನಾದ ಹೆನ್ರಿ ಕೋಸ್ಟರನು ನಿರ್ದೇಶಕನಾಗಿ, ‘ತ್ರೀ ಸ್ಮಾರ್ಟ್ ಗರ್ಲ್ಸ್’ ಎಂಬ ಚಿತ್ರವನ್ನು ತೆಗೆದರು. 1936ರ ಕೊನೆಯಲ್ಲಿ ಅದು ಹೊರಬಿದ್ದಿತು. ಮುಳುಗುವ ಹಡಗು ತೇಲಿತು. ಒಂದು ಕಂಪೆನಿಯನ್ನು ಹದಿನೈದರ ಬಾಲೆಯೊಬ್ಬಳು ಉಳಿಸಿದಳೆಂದು ಜನರು ಆಡಿಕೊಂಡರು. ಈ ಮಾತಿನಲ್ಲಿ ಅತಿಶಯೋಕ್ತಿ ಸ್ವಲ್ಪ ಇದ್ದರೂ ಸತ್ಯವೇ ಹೆಚ್ಚು.

ಮುಂದಿನ ವರ್ಷದ ‘ಒನ್ ಹಂಡ್ರೆಡ್ ಮೆನ್ ಅಂಡ್ ಎ ಗರ್ಲ್’ ಚಿತ್ರದ ವಿಷಯವಾಗಿ ಸ್ವಲ್ಪ ವಿಸ್ತರಿಸಿ ಹೇಳಬೇಕೆನಿಸುತ್ತದೆ. ಅಮೆರಿಕಾದಲ್ಲಿ ಆಗ ನಿರುದ್ಯೋಗದ ದುಷ್ಕಾಲ. ಕೆಲಸ ಕಳೆದುಕೊಂಡ ವಾದ್ಯಗಾರನೊಬ್ಬನ ಮಗಳು, ಅಂತಹ ನೂರು ಮಂದಿಯನ್ನು ಒಟ್ಟುಗೂಡಿಸಿ, ಲಿಯೊಪೋಲ್ಡ್ ಸ್ಟೊಕೊವ್ಸ್ಕಿಯೇ ಬಂದು ಅವರನ್ನು ನಡೆಸುವಂತೆ ಮಾಡುವುದು ಕಥೆ. ಸ್ಟೊಕೊವ್ಸ್ಕಿಯು ಕಲ್ಪಿತಪಾತ್ರವಲ್ಲ, ಫಿಲಡೆಲ್ಫಿಯಾ ವಾದ್ಯವೃಂದದ ಜಗದ್ವಿಖ್ಯಾತ ನಾಯಕನೇ ತನ್ನ ಪಾತ್ರವನ್ನು ತಾನೇ ಧರಿಸಿದನು. ಮೋಟ್ಸಾರ್ಟನ ಸ್ತೋತ್ರವೊಂದನ್ನೂ ವೆರ್ದಿಯ ಸಂಗೀತನಾಟಕದ ಗೀತವೊಂದನ್ನೂ ಆ ಬಾಲೆಯು ಇದರಲ್ಲಿ ಹಾಡಿದಳು. ಶ್ರೀಮಂತರ ನಾಟ್ಯಮಂದಿರಗಳ ಹೊಸ್ತಿಲನ್ನು ಎಂದೂ ತುಳಿಯದ ಕೂಲಿಗಾರರೂ ಗುಮಾಸ್ತರೂ ಕೆಲವು ಕಾಸಿಗೆ ಆ ಸಂಗೀತವನ್ನು ಕೇಳಿದರು. ಶಾಸ್ತ್ರವನ್ನು ಬಿಡದೆ ಲೋಕವನ್ನು ಸೇರುವುದು ಎಷ್ಟು ಕಷ್ಟವೆಂಬುದನ್ನು ಪಾಠಶಾಲೆಯಲ್ಲಿ ಓದಿದ ನಮ್ಮಂಥವರು ಬಲ್ಲೆವು. ಆ ವರ್ಷದ ಸಂಗೀತದ ಅಕಾಡೆಮಿ ಬಹುಮಾನವು ಈ ಚಿತ್ರಕ್ಕೆ ಸಂದಿತು. 1939ರಲ್ಲಿ ಡರ್ಬಿನಳಿಗೂ ಮಿಕಿ ರೂನಿಗೂ ಬಾಲನಟರ ವಿಶೇಷ ಬಹುಮಾನವು ದೊರೆಯಿತು.

ಆಕೆಯ ಕೀರ್ತಿಯು ಎಲ್ಲಿಯವರೆಗೆ ಹಬ್ಬಿತ್ತೆಂಬುದಕ್ಕೆ ಎರಡು ದೃಷ್ಟಾಂತಗಳು ಸಾಕು. ಆಮ್ಸ್ಟರ್ಡಾಮಿನಲ್ಲಿ ನಾಜಿಗಳಿಗೆ ಹೆದರಿ ಅಡಗಿದ್ದ ಆನ್ ಫ್ರಾಂಕ್ ಎಂಬ ಹುಡುಗಿಯು ತನ್ನ ಕೋಣೆಯ ಗೋಡೆಗೆ ಅಂಟಿಸಿದ ಚಿತ್ರಗಳಲ್ಲಿ ಡರ್ಬಿನಳ ಚಿತ್ರವೂ ಇದ್ದಿತು. ಆ ಗೋಡೆಯನ್ನು ಇಂದಿಗೂ ಕಾಪಾಡಿದ್ದಾರೆ. ಇನ್ನೊಂದು ನಮ್ಮ ದೇಶದ್ದೇ. ಕಲ್ಕತ್ತೆಯ ಸತ್ಯಜಿತ್ ರಾಯರು ಶಾಲಾಬಾಲಕರಾಗಿದ್ದಾಗ ಆಕೆಗೆ ಕಾಗದ ಬರೆದಿದ್ದರು. ಉತ್ತರವು ಬಂದಿತಂತೆ. ಬೇರೊಬ್ಬ ತಾರೆಗೆ ಬರೆದುದಕ್ಕೆ ಉತ್ತರ ಬರಲಿಲ್ಲವೆಂಬುದನ್ನೂ ಸೇರಿಸಿ, 1992ರಲ್ಲಿ ಮರಣಶಯ್ಯೆಯಿಂದಲೇ ಅಮೆರಿಕಾದ ಗೌರವವನ್ನು ಸ್ವೀಕರಿಸುವಾಗ ಅವರು ಇದನ್ನು ನೆನೆದರು.

ಇಷ್ಟೆಲ್ಲ ಇದ್ದೂ ಆಕೆಗೆ ತೃಪ್ತಿಯಿರಲಿಲ್ಲ. ಜನರಿಗೆ ಬೇಕಾಗಿದ್ದುದು ಹದಿನೈದರ ಹುಡುಗಿ. ಮನೆಯವರ ಜಗಳಗಳನ್ನು ತೀರಿಸಿ, ಮಧ್ಯೆ ಒಂದು ಹಾಡು ಹಾಡಿ, ಎಲ್ಲರನ್ನೂ ನಗಿಸುವ ಹುಡುಗಿ. 1939ರಲ್ಲಿ ಆಕೆಯು ಚಿತ್ರವೊಂದರಲ್ಲಿ ಮೊದಲ ಸಲ ಚುಂಬಿಸಲ್ಪಟ್ಟುದು ವೃತ್ತಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಯಿತೆಂದರೆ, ಆಕೆ ಬೆಳೆಯುವುದನ್ನು ಲೋಕವು ಅಪರಾಧದಂತೆ ಕಾಯುತ್ತಿತ್ತೆಂದೇ ಅರ್ಥ.

ಇಲ್ಲಿ ಒಂದು ಸ್ವಂತದ ಮಾತಿಗೆ ಕ್ಷಮೆಯಿರಲಿ. ನಾವು ಓದಿದ ಪಾಠಶಾಲೆಯಲ್ಲಿ ಸುಶ್ರಾವ್ಯವಾದ ಕಂಠವುಳ್ಳ ಬಾಲಕನೊಬ್ಬನಿದ್ದನು. ದೊಡ್ಡ ಮನುಷ್ಯರು ಯಾರು ಬಂದರೂ ಅವನನ್ನೇ ನಿಲ್ಲಿಸಿ ಶ್ಲೋಕ ಹೇಳಿಸುವುದು ವಾಡಿಕೆ. ಒಂದು ಮಳೆಗಾಲದಲ್ಲಿ ಅವನ ಧ್ವನಿ ಒಡೆಯಿತು. ಮರುವಾರದಿಂದ ಬೇರೊಬ್ಬನನ್ನು ನಿಲ್ಲಿಸಿದರು. ಅವನಿಗೆ ವ್ಯಾಕರಣವು ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದುದನ್ನು ಯಾರೂ ವಿಚಾರಿಸಲಿಲ್ಲ. ಮುಂದೆ ಉಪಾಧ್ಯಾಯರಾದ ಮೇಲೆ, ಇನ್ಸ್‌ಪೆಕ್ಟರು ಬಂದ ದಿನ, ನಾವೂ ಹಾಗೆಯೇ ಮಾಡಿದ್ದುಂಟು.

ಡರ್ಬಿನಳು ಸುಮ್ಮನೆ ಸಹಿಸಿದವಳಲ್ಲ. 1941ರಲ್ಲಿ ಕಂಪೆನಿಯವರು ಕೊಟ್ಟ ಕಥೆಯೊಂದನ್ನು ನಿರಾಕರಿಸಿದಳು. ಅವರು ಆಕೆಯನ್ನು ಅಮಾನತ್ತಿನಲ್ಲಿಟ್ಟರು. ಕೆಲವು ತಿಂಗಳಾದ ಮೇಲೆ ರಾಜಿಯಾಗಿ, ಕಥೆ, ಹಾಡು, ನಿರ್ದೇಶಕ ಇವುಗಳ ವಿಷಯದಲ್ಲಿ ಆಕೆಯ ಒಪ್ಪಿಗೆ ಬೇಕೆಂಬುದಾಯಿತು. 1944ರಲ್ಲಿ ‘ಕ್ರಿಸ್ಮಸ್ ಹಾಲಿಡೇ’ ಎಂಬ ಶೋಕಪ್ರಧಾನವಾದ ಚಿತ್ರದಲ್ಲಿ, ಕೊಲೆಗಾರನೊಬ್ಬನ ಹೆಂಡತಿಯಾಗಿ ಅಭಿನಯಿಸಿದಳು. ತನ್ನ ಚಿತ್ರಗಳಲ್ಲಿ ಇದೊಂದೇ ನಿಜವಾಗಿ ಒಳ್ಳೆಯದೆಂಬುದು ಆಕೆಯ ಅಭಿಪ್ರಾಯ. ಪ್ರೇಕ್ಷಕರಲ್ಲಿ ಬಹುಮಂದಿಗೆ ಹಳೆಯ ಹುಡುಗಿಯೇ ಬೇಕಾಗಿದ್ದಳು. ಅನಂತರ ಮತ್ತೆ ಲಘುಕಥೆಗಳು. ವೇತನಕ್ಕೆ ಮಾತ್ರ ಕೊರತೆಯಿರಲಿಲ್ಲ: 1946ರಲ್ಲಿ ಆಕೆಗೆ 3,23,000 ಡಾಲರುಗಳಿಗೂ ಮಿಕ್ಕು ಬಂದಿತು, ಅಮೆರಿಕಾದ ಸ್ತ್ರೀಯರಲ್ಲಿ ಬೆಟ್ಟಿ ಡೇವಿಸಳೊಬ್ಬಳಿಗೆ ಮಾತ್ರ ಅದಕ್ಕಿಂತ ಹೆಚ್ಚು. ಎರಡು ವಿವಾಹಗಳು ನಡೆದು ಮುರಿದವು. 1948ರಲ್ಲಿ ಕೊನೆಯ ಚಿತ್ರ. ಮರುವರ್ಷ ಹಾಲಿವುಡ್ಡನ್ನೇ ಬಿಟ್ಟಳು. 1950ರ ಡಿಸೆಂಬರಿನಲ್ಲಿ, ಹಿಂದೆ ತನ್ನ ಚಿತ್ರವೊಂದನ್ನು ನಿರ್ದೇಶಿಸಿದ್ದ ಫ್ರೆಂಚ್ ಗೃಹಸ್ಥ ಶಾರ್ಲ್ ಡಾವೀಡನನ್ನು ವಿವಾಹವಾದಳು. ತನ್ನನ್ನು ಲೋಕದ ಕಣ್ಣಿನಿಂದ ಕಾಪಾಡಬೇಕೆಂಬುದು ಆಕೆಯು ಹಾಕಿದ ನಿಬಂಧನೆ. ಪ್ಯಾರಿಸ್ ನಗರದ ಪಶ್ಚಿಮಕ್ಕಿರುವ ನೋಫ್ಲ್-ಲ-ಶಾತೋ ಎಂಬ ಊರಿನಲ್ಲಿ ಇಬ್ಬರೂ ನೆಲೆಸಿದರು.

ಇದನ್ನು ವೈರಾಗ್ಯವೆಂದು ಕರೆದರೆ ತಪ್ಪಾದೀತು. ಆಕೆಯು ಹೋದುದು ಕಾಡಿಗಲ್ಲ, ಮನೆಗೆ. ಹದಿಮೂರು ಹದಿನಾಲ್ಕರಿಂದ ದುಡಿದವಳು ಇಪ್ಪತ್ತೊಂಬತ್ತರಲ್ಲಿ ಗೃಹಸ್ಥಾಶ್ರಮವನ್ನು ನೆಮ್ಮದಿಯಿಂದ ಪ್ರವೇಶಿಸಿದಳು, ಅಷ್ಟೇ. ಪಾಸ್ಟರ್ನಾಕನು ಮತ್ತೆ ಮತ್ತೆ ಕರೆದನು, ಆಕೆ ಬರಲಿಲ್ಲ.

ಅತ್ತ ಗಾರ್ಲೆಂಡಳು ಎರಡು ವರ್ಷದ ಕೂಸಾಗಿದ್ದಾಗಲೇ ರಂಗವನ್ನು ಏರಿದವಳು. ಇಳಿಯುವ ದಾರಿಯನ್ನು ಯಾರೂ ತೋರಿಸಲಿಲ್ಲ. ‘ದಿ ವಿಜರ್ಡ್ ಆಫ್ ಆಜ್’ ಚಿತ್ರವು 1939ರಲ್ಲಿ ಆಕೆಯನ್ನು ಅಮರಳನ್ನಾಗಿ ಮಾಡಿತು. ಮೈ ಕರಗಲೆಂದು, ದಣಿವು ತೋರದಿರಲೆಂದು ಗುಳಿಗೆಗಳು. ಅವುಗಳಿಂದ ಹೋದ ನಿದ್ರೆಯನ್ನು ತರಲು ಬೇರೆ ಗುಳಿಗೆಗಳು. 1950ರಲ್ಲಿ ಕಂಪೆನಿಯ ಸಂಬಂಧವು ಕಡಿಯಿತು. 1969ರ ಜೂನ್ 22ರಂದು, ನಿದ್ರೆಯ ಔಷಧವು ಮಿತಿಮೀರಿ, ಲಂಡನ್ನಿನಲ್ಲಿ ತೀರಿಕೊಂಡಳು, ವಯಸ್ಸು ನಲವತ್ತೇಳು. ಕಲೆಯಲ್ಲಿ ಆಕೆಯೇ ದೊಡ್ಡವಳೆಂದು ನಾವೂ ಒಪ್ಪುತ್ತೇವೆ. ಆದರೆ ಆ ದೊಡ್ಡತನಕ್ಕೆ ಈ ಬೆಲೆಯು ಅನಿವಾರ್ಯವಾಗಿತ್ತೆಂದು ಹೇಳುವ ವಿಮರ್ಶಕರನ್ನು ನಾವು ಒಪ್ಪಲಾರೆವು. ಬೆಲೆಯನ್ನು ತೆತ್ತವಳು ಒಬ್ಬಳು, ಪದಾರ್ಥವನ್ನು ಪಡೆದವರು ನಾವು.

ಡರ್ಬಿನಳು ಅರ್ಧಶತಮಾನಕ್ಕೂ ಮಿಕ್ಕು ಆ ಫ್ರೆಂಚ್ ಊರಿನಲ್ಲಿ ಬಾಳಿದಳು. 1983ರಲ್ಲಿ ಡೇವಿಡ್ ಷಿಪ್ಮನ್ ಎಂಬ ಇತಿಹಾಸಕಾರನೊಡನೆ ಒಮ್ಮೆ ಮಾತನಾಡಿದುದನ್ನು ಬಿಟ್ಟರೆ ಪತ್ರಿಕೆಗಳಿಗೆ ಮುಖವನ್ನೇ ಕೊಡಲಿಲ್ಲ. ಪತಿಯು 1999ರಲ್ಲಿ ತೀರಿಕೊಂಡನು. ತೊಂಬತ್ತೊಂದನೆಯ ವಯಸ್ಸಿನಲ್ಲಿ, 2013ರ ಏಪ್ರಿಲ್ ತಿಂಗಳಲ್ಲಿ, ಆಕೆಯೂ ತೀರಿಕೊಂಡಳು. ಲೋಕಕ್ಕೆ ತಿಳಿಯುವುದಕ್ಕೆ ಕೆಲವು ದಿವಸಗಳು ಹಿಡಿದವು. ಅಭಿಮಾನಿಗಳ ಸಂಘದ ಚಿಕ್ಕ ಪತ್ರಿಕೆಯೊಂದು ಆ ವಾರ್ತೆಯನ್ನು ಅಚ್ಚುಮಾಡಿತು. ತಾಯಿಯ ಏಕಾಂತವನ್ನು ಗೌರವಿಸಿದುದಕ್ಕಾಗಿ ಮಗನು ಎಲ್ಲರಿಗೂ ಕೃತಜ್ಞತೆಯನ್ನು ತಿಳಿಸಿದ್ದನು.