ಬಣ್ಣದ ಅಡಿಯ ಎಣ್ಣೆ

ತೆಳ್ಳಗೆ ಹಚ್ಚಿ ಗಾಳಿಗೆ ಬಿಟ್ಟ ಅಗಸೆ ಎಣ್ಣೆ ಕೆಲವೇ ದಿನಗಳಲ್ಲಿ ಗಟ್ಟಿ ಪೊರೆಯಾಗುತ್ತದೆ. ಎಣ್ಣೆ ಆವಿಯಾಗಿ ಹೋಗುವುದಿಲ್ಲ. ಆಮ್ಲಜನಕ ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕೊಬ್ಬರಿ ಎಣ್ಣೆಗೆ ಈ ಶಕ್ತಿಯಿಲ್ಲ. ಮನೆಯ ಮರ, ಕಬ್ಬಿಣಗಳಿಗೆ ಬಣ್ಣಕ್ಕೆ ಮೊದಲು ಬಳಿಯುವ ಎಣ್ಣೆ ಪ್ರೈಮರ್ ಹುಟ್ಟಿದ್ದೇ ಈ ಗುಣದಿಂದ.

ಶತಮಾನಗಳ ಕಾಲ ಅಗಸೆ ಎಣ್ಣೆಗೆ ಜೊತೆಯಾಗಿದ್ದುದು ಸೀಸ: ಮರಕ್ಕೆ ಬಿಳಿ ಸೀಸ, ಕಬ್ಬಿಣಕ್ಕೆ ಕೆಂಪು ಸೀಸ. ಎಣ್ಣೆಯ ಆಮ್ಲಗಳೊಡನೆ ಸೀಸ ಕೂಡಿದಾಗ ಪೊರೆ ಬಾಗುತ್ತಿತ್ತು, ಬಿರಿಯುತ್ತಿರಲಿಲ್ಲ. ಕಬ್ಬಿಣಕ್ಕೆ ತುಕ್ಕೂ ಹತ್ತುತ್ತಿರಲಿಲ್ಲ. ಆದರೆ ಸೀಸ ಬಣ್ಣ ಬಳಿಯುವವರ ಮೈಗೆ ವಿಷವಾಗಿತ್ತು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಟ್ಟಡಗಳ ಒಳಭಾಗಕ್ಕೆ ಬಿಳಿ ಸೀಸ ಬಳಸದಂತೆ ಒಪ್ಪಂದ ರೂಪಿಸಿತು. ಹೊತ್ತಿಗೆ ಸರಿಯಾಗಿ ಬಿಳಿ ಸೀಸದ ಬದಲಿಗೆ ಬಳಸಬಹುದಾದ ಬಿಳಿ ಪುಡಿ ಟೈಟಾನಿಯಂ ಡೈಆಕ್ಸೈಡ್ ಮಾರುಕಟ್ಟೆಗೆ ಬಂದಿತ್ತು. ಅದೇ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರಾಯ್ ಕೀನ್ಲೆ ಎಣ್ಣೆಯ ಆಮ್ಲಗಳನ್ನು ರಾಳದ ಸರಪಳಿಗೆ ಸೇರಿಸಿ ಆಲ್ಕಿಡ್ ಎಂಬ ಹೊಸ ಬಂಧಕವನ್ನು ರೂಪಿಸಿದರು. ಇಂದು ಅಂಗಡಿಯಲ್ಲಿ ‘ಆಯಿಲ್ ಪ್ರೈಮರ್’ ಎಂದು ಕೇಳಿದರೆ ಸಿಗುವುದು ಬಹುಪಾಲು ಆಲ್ಕಿಡ್ಡೇ. ಅಗಸೆ ಎಣ್ಣೆಗೆ ದಿನಗಳು ಬೇಕಿದ್ದ ಕಡೆ ಇದಕ್ಕೆ ಒಂದು ರಾತ್ರಿ ಸಾಕು.

ನಮ್ಮಲ್ಲಿ 1902ರಲ್ಲಿ ಹೌರಾದ ಶಾಲಿಮಾರ್ ಬಣ್ಣದ ಕಾರ್ಖಾನೆ ಶುರುವಾಯಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕಾಡಿನ ಅರಗನ್ನು ಆಧರಿಸಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿಸಿದರು. ಮತದಾನದ ಶಾಯಿಯಿಂದ ಅದರ ಹೆಸರು ಎಲ್ಲರಿಗೂ ಗೊತ್ತು. ಬಣ್ಣದ ಕೆಲಸದಲ್ಲಿ ಅರಗಿನ ಮಹತ್ವ ಅಷ್ಟಾಗಿ ಗೊತ್ತಿಲ್ಲ. ಮರದ ಗಂಟಿನಿಂದ ಒಸರುವ ಅಂಟು ಎಷ್ಟು ಕೋಟ್ ಹೊಡೆದರೂ ಮೇಲೆದ್ದು ಕಲೆಯಾಗುತ್ತದೆ. ಪ್ರೈಮರಿಗೆ ಮೊದಲು ಗಂಟಿನ ಮೇಲೆ ಅರಗಿನ ದ್ರಾವಣ ಹಚ್ಚಿದರೆ ಅದು ಅಂಟನ್ನು ಅಲ್ಲೇ ತಡೆಯುತ್ತದೆ.

ಎಣ್ಣೆ ಸೋತದ್ದು ಗೋಡೆಯ ಮೇಲೆ. ಹೊಸ ಸಿಮೆಂಟ್ ಗಾರೆ ತೀವ್ರ ಕ್ಷಾರ. ಎಣ್ಣೆ ಕ್ಷಾರದೊಡನೆ ಸೇರಿದರೆ ಸೋಪಾಗುತ್ತದೆ, ಬಣ್ಣ ಜಿಗುಟಾಗಿ ಕಳಚುತ್ತದೆ. 1953ರಲ್ಲಿ ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ ನೀರಿನಲ್ಲಿ ಬೆರೆಯುವ ಪೂರ್ಣ ಅಕ್ರಿಲಿಕ್ ಎಮಲ್ಷನ್ ತಂದ ಮೇಲೆ, ಗೋಡೆ ಕ್ರಮೇಣ ನೀರಿನ ಪ್ರೈಮರಿನ ಪಾಲಾಯಿತು. ಅದು ಸರಿಯೂ ಹೌದು. ಕೈ ಸವರಿದರೆ ಪುಡಿ ಹತ್ತುವ ಹಳೆಯ, ಒಣಗಿದ ಗೋಡೆಯಲ್ಲಿ ಮಾತ್ರ ಒಳಗಿಳಿದು ಬಿಗಿ ಹಿಡಿಯುವ ಎಣ್ಣೆ ಪ್ರೈಮರನ್ನೇ ಈಗಲೂ ನಾನು ಆರಿಸುತ್ತೇನೆ.

ಮರ ಮತ್ತು ಕಬ್ಬಿಣದಲ್ಲಿ ಎಣ್ಣೆಯ ಜಾಗ ಇನ್ನೂ ಭದ್ರ. ನೀರಿನ ಪ್ರೈಮರ್ ಮರದ ನಾರನ್ನು ಉಬ್ಬಿಸುತ್ತದೆ. ಎಣ್ಣೆ ಉಬ್ಬಿಸದೆ ಇಳಿಯುತ್ತದೆ. ಮೊದಲ ಕೋಟ್ ತೆಳುವಾಗಿರಲಿ. ತೆಳು ಮಾಡಲು ಮಿನರಲ್ ಟರ್ಪಂಟೈನ್ ಬೇಕು. ಅಗ್ಗವೆಂದು ಸೀಮೆಎಣ್ಣೆ ಬೆರೆಸಿದರೆ ಪೊರೆ ಒಣಗಲು ಒದ್ದಾಡುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಗೋಡೆಗೆ ತಾಗುವ ಬೆನ್ನಿಗೆ, ನಿಲ್ಲಿಸುವ ಮೊದಲೇ ಪ್ರೈಮರ್ ಬೀಳಬೇಕು. ಒದ್ದೆ ಹತ್ತುವುದು ಅಲ್ಲಿಂದಲೇ, ಆಮೇಲೆ ಬ್ರಷ್ ಹೋಗದಿರುವುದೂ ಅಲ್ಲಿಗೇ. ಕಿಟಕಿಯ ಸರಳುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಬೇಕು. ಸತು ಲೇಪಿಸಿದ ಜಿ.ಐ. ತಗಡಿಗೆ ಆಲ್ಕಿಡ್ ಬೇಡ. ಸತುವಿನೊಡನೆಯೂ ಅದು ಸೋಪಾಗಿ ಪದರ ಬಿಡುತ್ತದೆ.

ಭಾರತದಲ್ಲಿ ಸೀಸ ತೊಲಗುವುದು ಬಹಳ ತಡವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ವಿರುದ್ಧ ವರ್ಷಗಟ್ಟಲೆ ದುಡಿದವರು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90) ಮೀರಬಾರದೆಂಬ ನಿಯಮ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರಗಳು ನಮ್ಮ ಬಾಗಿಲು ಕಿಟಕಿಗಳ ಮೇಲೆ ಇನ್ನೂ ಇವೆ. ಅವನ್ನು ಒಣಗಿದ್ದಂತೆಯೇ ಉಜ್ಜಬಾರದು, ಬೆಂಕಿ ಹಿಡಿದು ಸುಡಲೂಬಾರದು. ನೀರು ಚಿಮುಕಿಸಿ, ವಾಟರ್ ಪೇಪರಿನಿಂದ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ಆ ಕೋಣೆಗೆ ಬಿಡಬಾರದು.