ಮಂಗಳಗ್ರಹದ ಕತಿ ಮಾರೋರು ಯಾರು?

ನಮ್ಮ ದೇಶದ ಮೊದಮೊದಲ ವೈಜ್ಞಾನಿಕ ಕತೆಗಳಲ್ಲಿ ಒಂದು ಹುಟ್ಟಿದ್ದು ತಲೆಗೆ ಹಚ್ಚುವ ಎಣ್ಣೆ ಮಾರಲಿಕ್ಕೆ ಅಂತ. ಚ್ಯಾಷ್ಟಿ ಮಾಡ್ತಿಲ್ಲ, ಖರೇನೇ. 1896ರಲ್ಲಿ ಕಲ್ಕತ್ತೆಯ ಹೇಮೇಂದ್ರಮೋಹನ ಬೋಸ್ ಎಂಬ ವ್ಯಾಪಾರಿ ತಮ್ಮ ‘ಕುಂತಲೀನ್’ ತೈಲದ ಹೆಸರಲ್ಲಿ ಕತೆಗಳ ಸ್ಪರ್ಧೆ ಇಟ್ಟರು. ಕತೆಯಲ್ಲಿ ಎಲ್ಲಾದರೂ ಎಣ್ಣೆಯ ಹೆಸರು ಬರಬೇಕು, ಆದರೆ ಜಾಹೀರಾತು ಅನ್ನಿಸಬಾರದು. ಬಹುಮಾನ ಹೊಡೆದ ಕತೆಯಲ್ಲಿ ಕಲ್ಕತ್ತೆಗೆ ಅಪ್ಪಳಿಸಬೇಕಾಗಿದ್ದ ಚಂಡಮಾರುತವೊಂದು ದಾರಿಯಲ್ಲೇ ಮಾಯವಾಗುತ್ತದೆ. ಯಾಕಂದರೆ ಹಡಗಿನಲ್ಲಿದ್ದ ಪ್ರಯಾಣಿಕನೊಬ್ಬ ಸೀಸೆಯೊಳಗಿನ ಕುಂತಲೀನ್ ಎಣ್ಣೆಯನ್ನು ಸಮುದ್ರಕ್ಕೆ ಸುರುವಿರುತ್ತಾನೆ! ನೀರಿನ ಮೇಲೆ ಎಣ್ಣೆ ಹರಡಿದರೆ ಅಲೆ ತಣ್ಣಗಾಗುತ್ತದೆ ಎನ್ನುವುದು ಅದರ ಹಿಂದಿನ ವಿಜ್ಞಾನ. ಹೆಸರು ಹಾಕದೆ ಆ ಕತೆ ಕಳಿಸಿದ್ದವರು ಜಗದೀಶಚಂದ್ರ ಬೋಸ್. ಹೌದು, ರೇಡಿಯೋ ತರಂಗಗಳ ಮೇಲೆ ಕೆಲಸ ಮಾಡಿದ ಅದೇ ವಿಜ್ಞಾನಿ.

ಅಮೆರಿಕದಲ್ಲೂ ಹೆಚ್ಚುಕಡಿಮೆ ಇದೇ ಹಣೇಬಾರ. ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತ ವಿದ್ಯುತ್ತು, ರೇಡಿಯೋ ಸಾಮಾನನ್ನು ಅಂಚೆಯ ಮೂಲಕ ಮಾರುತ್ತಿದ್ದ. ಆ ವ್ಯಾಪಾರಕ್ಕೆ ಜೊತೆಯಾಗಿ ನಡೆಸುತ್ತಿದ್ದ ಪತ್ರಿಕೆಯಲ್ಲಿ 1911ರಲ್ಲಿ ತಾನೇ ಒಂದು ಭವಿಷ್ಯದ ಕತೆ ಧಾರಾವಾಹಿಯಾಗಿ ಬರೆದ. 1926ರ ಏಪ್ರಿಲ್‌ನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಶುರು ಮಾಡಿದ. ಅಂದರೆ ಈ ಜಾತಿಯ ಕತೆಗೆ ಹುಟ್ಟಿದಂದಿನಿಂದಲೂ ಒಬ್ಬ ಹೊರುವವ ಬೇಕೇ ಬೇಕಿತ್ತು.

ಇದನ್ನೆಲ್ಲ ಕೆದಕಲಿಕ್ಕೆ ಕಾರಣ ಕೋಟನೂರದ ನಮ್ಮ ಓಣಿಯ ಒಬ್ಬ ಹುಡುಗ. ಇಂಜಿನಿಯರಿಂಗ್ ಓದತಾನ. ಮಂಗಳಗ್ರಹದ ಮೇಲೆ ಒಂದು ಕಾದಂಬರಿ ಬರೆದು ಮುಗಿಸಿದ್ದಾನೆ. “ಕಾಕಾ, ಬರೆಯೋದೇನೋ ಬರದೀನ್ರಿ. ಇನ್ನ ಇದನ್ನ ಮಾರೋರು ಯಾರು?” ಅಂತ ಕೇಳಿದ. ಕನ್ನಡದಾಗ ಸೈನ್ಸ್ ಫಿಕ್ಷನ್ ಓದೋರೇ ಇಲ್ಲ ಅಂತ ಯಾರೋ ಅವನ ತಲೆಯಲ್ಲಿ ತುಂಬಿಸಿದ್ದರು. ಆ ಮಾತು ಸುಳ್ಳು ಅಂತ ನನ್ನ ಲೆಕ್ಕ. ಓದುವವರು ಯಾವಾಗಲೂ ಇದ್ದರು. ಅವರ ಮನೆ ಬಾಗಿಲತನಕ ಕತೆಯನ್ನು ಹೊತ್ತು ತರುವವರು ಮಾತ್ರ ಕಾಲಕಾಲಕ್ಕೆ ಬದಲಾಗುತ್ತಾ ಹೋದರು.

ಮೊದಲು ನಮ್ಮ ಊರಿನದೇ ಲೆಕ್ಕ ನೋಡೋಣ. 1928ರಲ್ಲಿ ಬಿ.ಎಂ.ಶ್ರೀ ಅವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಇಲ್ಲಿ ನಿಜಾಮರ ರಾಜ್ಯ. ಕಚೇರಿಯ ಭಾಷೆ ಉರ್ದು, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಪಾಠವೂ ಉರ್ದುವಿನಲ್ಲೇ. ಹಾಗಾಗಿ ಮನೆಯಲ್ಲಿ ಉರ್ದು ಬಲ್ಲ ಹಿರಿಯರಿದ್ದವರಿಗೆ ‘ತಿಲಿಸ್ಮ್’ ಅನ್ನುವ ಮಾತು ಹೊಸದಲ್ಲ. ಲಖನೌದ ನವಲ್‌ಕಿಶೋರ್ ಪ್ರೆಸ್ 1883ರಿಂದ ಸಂಪುಟದ ಮೇಲೆ ಸಂಪುಟ ಅಚ್ಚು ಹಾಕಿದ ‘ತಿಲಿಸ್ಮ್-ಎ-ಹೋಶ್‌ರುಬಾ’ದಲ್ಲಿ ಇಡೀ ಒಂದು ಮಾಯಾಲೋಕವೇ ಇದೆ. ಅದಕ್ಕೊಬ್ಬ ಮಾಂತ್ರಿಕ ರಾಜ, ಅವನ ಕೈಗೆ ಸಿಗದ ಅಮರ್ ಅಯ್ಯಾರ್ ಎಂಬ ಚಾಲಾಕಿ. ಅಯ್ಯಾರ್‌ನ ಬಳಿ ಜಂಬೀಲ್ ಎಂಬ ಜೋಳಿಗೆ. ಅದರಲ್ಲಿ ಏನು ಹಾಕಿದರೂ ಹಿಡಿಸುತ್ತದೆ, ಊರಿಗೆ ಊರೇ ಹಿಡಿಸುತ್ತದೆ. ಇಂಗ್ಲಿಷಿನ ಫ್ಯಾಂಟಸಿ ಓದಿ ಬಾಯಿ ಬಿಡುವ ನಮ್ಮ ಮಕ್ಕಳಿಗೆ ಅವರ ಮುತ್ಯಾಂದಿರ ಕಾಲಕ್ಕೇ ಅದು ಈ ಊರಿನ ಭಾಷೆಯೊಂದರಲ್ಲಿ ಇತ್ತು ಅಂತ ಹೇಳುವವರಿಲ್ಲ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಮರುವರ್ಷ, 1949ರಲ್ಲಿ, ಎರಡು ಸಂಗತಿ ನಡೆದವು. ಉತ್ತಂಗಿ ಚೆನ್ನಪ್ಪನವರ ಅಧ್ಯಕ್ಷತೆಯಲ್ಲಿ ಕಲಬುರಗಿಗೆ ಮತ್ತೆ ಸಮ್ಮೇಳನ ಬಂತು. ಅದೇ ವರ್ಷ ಮದ್ರಾಸಿನಿಂದ ‘ಚಂದಮಾಮ’ ಕನ್ನಡದಲ್ಲಿ ಹೊರಟಿತು. ಸಮ್ಮೇಳನಕ್ಕಿಂತ ಚಂದಮಾಮನೇ ದೊಡ್ಡ ಘಟನೆ ಅಂತ ನಾನು ಅಂದರೆ ಪರಿಷತ್ತಿನವರು ಸಿಟ್ಟಾಗಬಾರದು. ನಾಗಿರೆಡ್ಡಿ, ಚಕ್ರಪಾಣಿ ಅವರು 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ್ದ ಪತ್ರಿಕೆ ಅದು. ಕತೆ ಒಂದೇ, ಚಿತ್ರ ಒಂದೇ, ಭಾಷೆ ಮಾತ್ರ ಬೇರೆ. ದಾಸರಿ ಸುಬ್ರಹ್ಮಣ್ಯಂ ಬರೆದ ಧಾರಾವಾಹಿಗಳಲ್ಲಿ ಮಂತ್ರವಾದಿಗಳು, ವಿಚಿತ್ರ ಪ್ರಾಣಿಗಳು, ಹಾಳುಬಿದ್ದ ಕೋಟೆಗಳು. ‘ಚಿತ್ರಾ’ ಎಂಬ ಸಹಿಯ ಕಲಾವಿದರು ಬಿಡಿಸಿದ ರಾಕ್ಷಸರನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದಕ್ಕೆ ಯಾರೂ ‘ಫ್ಯಾಂಟಸಿ ಸಾಹಿತ್ಯ’ ಅಂತ ಹೆಸರಿಡಲಿಲ್ಲ, ವಿಮರ್ಶೆಯಂತೂ ದೂರ. ಆದರೆ ಮೂರು ನಾಲ್ಕು ತಲೆಮಾರು ಅದನ್ನೇ ಓದಿ ಬೆಳೆಯಿತು.

ದೊಡ್ಡವರ ಪುಸ್ತಕದ ಕತೆ ಬೇರೆ. ಹಾವೇರಿ ಸೀಮೆಯ ಗಳಗನಾಥರು ತಮ್ಮ ಐತಿಹಾಸಿಕ ಕಾದಂಬರಿಗಳ ಗಂಟನ್ನು ಹೊತ್ತುಕೊಂಡು ಊರೂರು ಸುತ್ತಿ ಮಾರಿದರು ಅನ್ನುವುದು ನಮಗೆಲ್ಲ ಗೊತ್ತು. ಸಭೆಗಳಲ್ಲಿ ಅದನ್ನು ಹೇಳಿ ಕಣ್ಣೀರು ಹಾಕುತ್ತೇವೆ, ಆಮೇಲೆ ಪುಸ್ತಕ ಕೊಳ್ಳದೆ ಮನೆಗೆ ಹೋಗುತ್ತೇವೆ! ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದಾಗ ಬೇರೆ ಉಪಾಯ ಮಾಡಿದರು. ಮುಂಗಡ ಚಂದಾ ಕೊಟ್ಟವರಿಗೆ ವರ್ಷವಿಡೀ ಪುಸ್ತಕ. ಪುಸ್ತಕ ಅಚ್ಚಾಗುವ ಮೊದಲೇ ಓದುಗ ಇರುತ್ತಿದ್ದ. ಬೆಂಗಳೂರಿನಲ್ಲಿ ಎನ್. ನರಸಿಂಹಯ್ಯನವರು ನಾಲ್ಕನೇ ಇಯತ್ತೆ ಓದಿ, ನೂರಾರು ಪತ್ತೇದಾರಿ ಕಾದಂಬರಿ ಬರೆದು ಪತ್ತೇದಾರ ಪುರುಷೋತ್ತಮನನ್ನು ಮನೆಮಾತು ಮಾಡಿದರು. ಅವರನ್ನು ಹೊತ್ತದ್ದು ಬಸ್‌ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನ ಅಂಗಡಿ, ಬಾಡಿಗೆ ಪುಸ್ತಕದ ಲೈಬ್ರರಿ. ಪಂಡಿತರು ಮೂಗು ಮುರಿದರು, ಜನ ಓದಿದರು. ಇತಿಹಾಸಕ್ಕೆ ಗಳಗನಾಥರು, ನವ್ಯಕ್ಕೆ ಗ್ರಂಥಮಾಲೆ, ಪತ್ತೇದಾರಿಗೆ ಬಸ್‌ ಸ್ಟ್ಯಾಂಡು. ವೈಜ್ಞಾನಿಕ ಕತೆಗೆ?

ಅದಕ್ಕೆ ವಾರಪತ್ರಿಕೆ. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’. ಜೊತೆಗೆ ಮಾಸಪತ್ರಿಕೆಗಳಾಗಿ ‘ಕಸ್ತೂರಿ’, ‘ಮಯೂರ’. ಆ ಕಾಲದಲ್ಲಿ ರಾಜಶೇಖರ ಭೂಸನೂರಮಠರು ‘ಆಪರೇಷನ್ ಯುಎಫ್‌ಓ’, ‘ಮನ್ವಂತರ’ದಂಥವನ್ನು ಬರೆದರು. ‘ಮನು’ ಎಂಬ ಹೆಸರಲ್ಲಿ ಬರೆಯುತ್ತಿದ್ದ ಪಿ.ಎನ್. ರಂಗನ್ ಅವರು ‘ಮಹಾಸಂಪರ್ಕ’ದಲ್ಲಿ ಮಹಾಭಾರತಕ್ಕೂ ಅನ್ಯಗ್ರಹದವರಿಗೂ ಗಂಟು ಹಾಕಿದರು. ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಬಂದು ಮಾಟ ದೊಡ್ಡದೋ ವೈದ್ಯ ದೊಡ್ಡದೋ ಅಂತ ಮನೆಮನೆಯಲ್ಲಿ ಜಗಳ ಹಚ್ಚಿತು. ವಾರಪತ್ರಿಕೆಯ ದೊಡ್ಡ ಗುಣ ಅಂದರೆ ಓದುಗ ಸೈನ್ಸ್ ಫಿಕ್ಷನ್ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಅಡುಗೆ ಪುಟ, ರಾಶಿಭವಿಷ್ಯ, ಸಿನಿಮಾ ಸುದ್ದಿಯ ನಡುವೆ ಹಾರುವ ತಟ್ಟೆ ತಾನೇ ಬಂದು ಇಳಿಯುತ್ತಿತ್ತು. ಮನೆಯಲ್ಲಿ ಒಬ್ಬರು ಕೊಂಡರೆ ಐದು ಜನ ಓದುತ್ತಿದ್ದರು, ಆಮೇಲೆ ಪಕ್ಕದ ಮನೆಗೆ.

1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಬಾಳ್ ಫೋಂಡ್ಕೆಯವರ ಸಂಪಾದನೆಯಲ್ಲಿ ಭಾರತೀಯ ಭಾಷೆಗಳ ವೈಜ್ಞಾನಿಕ ಕತೆಗಳನ್ನು ಇಂಗ್ಲಿಷಿಗೆ ತಂದು ‘ಇಟ್ ಹ್ಯಾಪನ್ಡ್ ಟುಮಾರೋ’ ಎಂಬ ಸಂಕಲನ ಮಾಡಿತು. ಅದರಲ್ಲಿ ಕನ್ನಡದಿಂದ ಭೂಸನೂರಮಠರೂ ಸಂಜಯ ಹಾವನೂರರೂ ಇದ್ದಾರೆ. ಮರಾಠಿಯವರು ಮಾತ್ರ ಸಾಲುಸಾಲಾಗಿ: ನಾರ್ಳೀಕರ್, ಫೋಂಡ್ಕೆ, ಲಕ್ಷ್ಮಣ ಲೋಂಢೆ, ನಿರಂಜನ ಘಾಟೆ, ಸುಬೋಧ ಜಾವಡೇಕರ್, ಶುಭದಾ ಗೋಗಟೆ, ಅರುಣ ಮಾಂಡೆ. ಸಂಪಾದಕರು ಮರಾಠಿಯವರು ಅಂತ ತಳ್ಳಿಹಾಕಬಹುದು. ನನಗೆ ಹಾಗನ್ನಿಸೋದಿಲ್ಲ.

ಜಯಂತ ನಾರ್ಳೀಕರರ ಕತೆ ಕೇಳ್ರಿ. 1974ರ ಹೊತ್ತಿಗೆ ಅವರು ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಜೊತೆ ಕೆಲಸ ಮಾಡಿ ಬಂದ, ದೇಶಕ್ಕೆಲ್ಲ ಗೊತ್ತಿದ್ದ ಖಗೋಳ ವಿಜ್ಞಾನಿ. ಮುಂಬಯಿಯ ಮರಾಠಿ ವಿಜ್ಞಾನ ಪರಿಷತ್ತು ವೈಜ್ಞಾನಿಕ ಕತೆಗಳ ಸ್ಪರ್ಧೆ ನಡೆಸುತ್ತಿತ್ತು. ಸ್ವಂತ ಹೆಸರಲ್ಲಿ ಕಳಿಸಿದರೆ ತೀರ್ಪುಗಾರರು ಹೆಸರು ನೋಡಿ ಬಹುಮಾನ ಕೊಟ್ಟಾರು ಅಂತ ಅವರು ‘ನಾರಾಯಣ ವಿನಾಯಕ ಜಗತಾಪ’ ಎಂಬ ಹೆಸರು ಕಟ್ಟಿಕೊಂಡರು. ತಮ್ಮದೇ ಹೆಸರಿನ ಮೊದಲಕ್ಷರಗಳನ್ನು ತಿರುಗಾಮುರುಗಾ ಮಾಡಿದ್ದು. ಕೈಬರಹ ಗುರುತು ಸಿಗಬಾರದು ಅಂತ ಹೆಂಡತಿ ಮಂಗಲಾ ಅವರಿಂದ ಪ್ರತಿ ಮಾಡಿಸಿದರು. ‘ಕೃಷ್ಣವಿವರ’ ಎಂಬ ಆ ಕತೆಗೆ ಮೊದಲ ಬಹುಮಾನ ಬಂತು. ಮರುವರ್ಷ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷೆ ದುರ್ಗಾ ಭಾಗವತರು ಈ ಹೊಸ ಬಗೆಯ ಬರಹವನ್ನು ಮೆಚ್ಚಿ ಮಾತಾಡಿದರು. ಇನ್ನು 2021ಕ್ಕೆ ಬಂದರೆ, ನಾಸಿಕದ ಸಮ್ಮೇಳನಕ್ಕೆ ಅಧ್ಯಕ್ಷರು ಅದೇ ನಾರ್ಳೀಕರ್.

ಇಲ್ಲಿ ಪ್ರತಿಭೆಯಷ್ಟೇ ಕೆಲಸ ಮಾಡಿಲ್ಲ. ಪ್ರತಿವರ್ಷ ತಪ್ಪದೆ ಸ್ಪರ್ಧೆ ನಡೆಸುವ ಒಂದು ಸಂಸ್ಥೆ, ಅದನ್ನು ಸಾಹಿತ್ಯ ಅಂತ ವೇದಿಕೆ ಮೇಲೆ ನಿಂತು ಒಪ್ಪಿದ ಒಬ್ಬ ದೊಡ್ಡ ಲೇಖಕಿ, ಎರಡೂ ಕೂಡಿ ಬಂದವು. ನಮ್ಮಲ್ಲಿ ವಿಜ್ಞಾನ ಬರಹದ ಪರಂಪರೆ ಸಣ್ಣದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ‘ವಿಜ್ಞಾನ’ ಪತ್ರಿಕೆ ಹೊರಟಿದ್ದು 1918ರಲ್ಲಿ. ಕಾರಂತರು ಒಬ್ಬರೇ ಕೂತು ನಾಲ್ಕು ಸಂಪುಟ ‘ವಿಜ್ಞಾನ ಪ್ರಪಂಚ’ ಬರೆದರು. 1978ರಿಂದ ‘ಬಾಲವಿಜ್ಞಾನ’ ಶಾಲೆಗಳಿಗೆ ಬಂತು. ಆದರೆ ಅವರೆಲ್ಲರ ಮನಸ್ಸು ವಿಜ್ಞಾನವನ್ನು ತಿಳಿಸುವುದರ ಮೇಲಿತ್ತು. ಕತೆ ಹೇಳುವುದು ಪಕ್ಕದ ಕೆಲಸ. ಸಾಹಿತ್ಯದವರು ಇದು ವಿಜ್ಞಾನದವರದು ಅಂದರು, ವಿಜ್ಞಾನದವರು ಇದು ಕಟ್ಟುಕತೆ ಅಂದರು. ಎರಡೂ ಮನೆಯ ಊಟ ತಪ್ಪಿದ ಬೀಗರ ಹಾಗಾಯಿತು ಪರಿಸ್ಥಿತಿ.

ಗೆದ್ದವರು ಹೇಗೆ ಗೆದ್ದರು ಅಂದರೆ ಹೆಸರು ಹೇಳದೆ ಗೆದ್ದರು. ತೇಜಸ್ವಿಯವರ ‘ಕರ್ವಾಲೋ’ 1980ರದು. ವಿಜ್ಞಾನಿ, ಮಂದಣ್ಣ, ಬಿರಿಯಾನಿ ಕರಿಯಪ್ಪ ಎಲ್ಲ ಸೇರಿ ಕಾಡಿನೊಳಗೆ ಹಾರುವ ಓತಿ ಹುಡುಕುತ್ತಾರೆ. ಕಾಲವನ್ನೇ ದಾಟಿ ಉಳಿದ ಜೀವಿಯ ಬೆನ್ನು ಹತ್ತುವ ಆ ಕತೆಯನ್ನು ಬೇರೆ ಭಾಷೆಯಲ್ಲಾದರೆ ಎರಡು ಮಾತಿಲ್ಲದೆ ಸೈನ್ಸ್ ಫಿಕ್ಷನ್ ಕಪಾಟಿನ ಹತ್ತಿರ ಇಡುತ್ತಿದ್ದರು. ನಾವು ‘ತೇಜಸ್ವಿ’ ಕಪಾಟಿನಲ್ಲಿ ಇಟ್ಟೆವು, ಒಳ್ಳೇದೇ ಆಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಕೆ.ಎನ್. ಗಣೇಶಯ್ಯನವರು ‘ಕನಕ ಮುಸುಕು’, ‘ಕರಿಸಿರಿಯಾನ’, ‘ಚಿತಾದಂತ’ಗಳಲ್ಲಿ ಕಾದಂಬರಿಗೇ ಅಡಿಟಿಪ್ಪಣಿ, ಫೋಟೋ, ಆಧಾರ ಗ್ರಂಥ ಹಚ್ಚಿದರು. ಓದುಗ ‘ಇದು ಖರೇ ಇರಬೇಕು’ ಅಂತ ಹಿಂದೆ ಬಿದ್ದ. ಅಡಿಟಿಪ್ಪಣಿಗಿಂತ ಒಳ್ಳೆಯ ಜಾಹೀರಾತು ಕನ್ನಡದಲ್ಲಿ ಇನ್ನೊಂದು ಬಂದಿಲ್ಲ ಅಂತ ನನ್ನ ನಂಬಿಕೆ! 2014ರಲ್ಲಿ ಎಸ್.ಎಲ್. ಭೈರಪ್ಪನವರ ‘ಯಾನ’ ಬಂತು. ವಾಪಸ್ ಬರದ ಆಕಾಶನೌಕೆ, ಅದರೊಳಗೇ ಹುಟ್ಟಿದ ಮಕ್ಕಳು. ಜನ ಕೊಂಡದ್ದು ಭೈರಪ್ಪನವರ ಹೊಸ ಕಾದಂಬರಿ ಅಂತ. ಓದಿದ್ದು ಮಾತ್ರ ಅಪ್ಪಟ ಅಂತರಿಕ್ಷದ ಕತೆ. ಅಲ್ಲಿಗೆ ಕನ್ನಡ ಓದುಗನಿಗೆ ರಾಕೆಟ್ಟು ಸೇರೋದಿಲ್ಲ ಅನ್ನುವ ಮಾತು ಮುಗಿಯಿತು.

ಆದರೆ ಹೆಸರಿಲ್ಲದ ಹೊಸ ಹುಡುಗನಿಗೆ ಈ ದಾರಿ ಇಲ್ಲ. ವಾರಪತ್ರಿಕೆಗಳು ತೆಳ್ಳಗಾಗಿವೆ, ಚಂದಮಾಮ ನಿಂತುಹೋಯಿತು, ಬಾಡಿಗೆ ಲೈಬ್ರರಿಯ ಜಾಗದಲ್ಲಿ ಮೊಬೈಲ್ ರಿಚಾರ್ಜ್ ಅಂಗಡಿ. ಉಳಿದದ್ದು ಪುಸ್ತಕದ ಅಂಗಡಿ. ನಮ್ಮ ಸರಸ್ವತಿ ಗೋದಾಮಿನ ಕಡೆ ಹೋದರೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಎದುರಿಗೆ, ಕತೆ ಕಾದಂಬರಿ ಒಳಗೆ. ಅದರಲ್ಲಿ ವೈಜ್ಞಾನಿಕ ಕತೆ ಕೇಳಿದರೆ ‘ವಿಜ್ಞಾನ’ದ ಸಾಲಿಗೆ ಕೈ ತೋರಿಸುತ್ತಾರೆ, ಅಲ್ಲಿ ಹತ್ತನೇ ಇಯತ್ತೆಯ ಪ್ರಶ್ನೋತ್ತರ ಇರುತ್ತದೆ. ಅಂಗಡಿಯವರದು ತಪ್ಪಿಲ್ಲ ಬಿಡ್ರಿ, ಅವರೂ ಬಾಡಿಗೆ ಕಟ್ಟಬೇಕು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಹಾಕು. ಒಮ್ಮೆಗೇ ಸಾವಿರ ಪ್ರತಿ ಹಾಕಿಸಿ ಮನೆಯ ಮಂಚದ ಕೆಳಗೆ ಪೇರಿಸಬೇಡ. ಮನೋಹರ ಗ್ರಂಥಮಾಲೆಯ ಹಾಗೆ ಮೊದಲು ನೂರು ಜನರ ಹೆಸರು ಬರೆಸಿಕೋ, ಆಮೇಲೆ ಅಚ್ಚಿಗೆ ಕೊಡು. ಮೊದಲ ಎರಡು ಅಧ್ಯಾಯ ಓದಿ ರೆಕಾರ್ಡ್ ಮಾಡಿ ಕಾಲೇಜಿನ ಗ್ರೂಪಿಗೆ ಹಾಕು, ವಾರಕ್ಕೊಂದರಂತೆ. ಅದು ಧಾರಾವಾಹಿಯೇ ಅಲ್ಲವೇ?

ಇನ್ನೊಂದು ಮಾತು, ಇದು ಮಾರಾಟಕ್ಕಿಂತ ನನಗೆ ಮುಖ್ಯ. ಅವನ ಕಾದಂಬರಿಯಲ್ಲಿ ಮಂಗಳದ ಮೇಲಿರುವವರೆಲ್ಲ ಬೆಂಗಳೂರಿನ ಟೀವಿ ಕನ್ನಡ ಮಾತಾಡುತ್ತಾರೆ. ನಾಯಕನ ಊರು ಮಾತ್ರ ಕಮಲಾಪುರ! ಕೆಂಪು ಬಾಳೆಹಣ್ಣು ತಿಂದು ಬೆಳೆದ ಹುಡುಗ ಆಕ್ಸಿಜನ್ ಸೋರುವಾಗ ‘ಏಯ್, ಗಾಳಿ ಮುಗಿಲಿಕತ್ತದ, ಲಗೂನ ಬಾ’ ಅನ್ನದೆ ಪಠ್ಯಪುಸ್ತಕದ ಕನ್ನಡದಲ್ಲಿ ಅಪಾಯ ಸೂಚಿಸಿದರೆ ಯಾರು ನಂಬ್ತಾರ? ನಮ್ಮ ಭಾಷೆಯನ್ನು ಸಿನಿಮಾದವರು ನಗಿಸಲಿಕ್ಕೆ ಇಟ್ಟುಕೊಂಡಿದ್ದಾರೆ, ಸಾಹಿತ್ಯದವರು ಹಳ್ಳಿಯ ಬಡತನ ತೋರಿಸಲಿಕ್ಕೆ. ನಾಳಿನ ಕಾಲದ ಕತೆಯಲ್ಲಿ ನಮ್ಮ ಮಾತೇ ಇಲ್ಲ ಅಂದರೆ ನಾಳೆ ನಾವೂ ಇರೋದಿಲ್ಲ ಅಂತ ಬರೆದ ಹಾಗೇ ಆಯಿತಲ್ಲ. ಅವನು ಒಪ್ಪಲಿಲ್ಲ. ಮೈಸೂರು ಕಡೆಯವರಿಗೆ ತಿಳಿಯೋದಿಲ್ಲ ಅಂದ. ತೇಜಸ್ವಿಯ ಮೂಡಿಗೆರೆ ಮಾತು ನಮಗೆ ತಿಳಿದಿಲ್ಲೇನು ಅಂತ ಕೇಳಿದೆ. ವಾದ ಇನ್ನೂ ನಡೆದದ.

2020ರ ಫೆಬ್ರವರಿಯಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯದ ಬಯಲಿನಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ 85ನೇ ಸಮ್ಮೇಳನ ಆದಾಗ ಪುಸ್ತಕ ಮಳಿಗೆಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆದರೆ ಸಮ್ಮೇಳನ ಮೂರು ದಿನದ್ದು. ವರ್ಷವಿಡೀ ಮಕ್ಕಳು ಬರುವ ಜಾಗ ಒಂದು ನಮ್ಮಲ್ಲೇ ಅದ, 1984ರಲ್ಲಿ ಶುರುವಾದ ಜಿಲ್ಲಾ ವಿಜ್ಞಾನ ಕೇಂದ್ರ. ಆಳಂದ, ಚಿಂಚೋಳಿ ಕಡೆಯ ಶಾಲೆಗಳವರು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬರತಾರ. ಗ್ರಹ ನಕ್ಷತ್ರ ಎಲ್ಲ ನೋಡಿ ತಲೆ ತುಂಬಿಕೊಂಡು ಹೊರಗೆ ಬಂದ ಮಗುವಿನ ಕೈಗೆ ಆ ಹೊತ್ತಿನಲ್ಲಿ ಇಪ್ಪತ್ತು ರೂಪಾಯಿಯ ಒಂದು ಕತೆ ಪುಸ್ತಕ ಸಿಗಬೇಕು, ಕನ್ನಡದ್ದು, ಬಾಗಿಲ ಹತ್ತಿರವೇ ಒಂದು ಕಪಾಟಿನಲ್ಲಿ. ಹತ್ತು ಪ್ರತಿಯಿಂದ ಶುರು ಮಾಡೋಣ ಅಂತ ಹುಡುಗನಿಗೆ ಹೇಳಿದ್ದೀನಿ. ಅರ್ಜಿ ನಾನೇ ಬರೆದು ಕೊಡತೀನಿ.